ಹರೆಯದ ಮಕ್ಕಳಲ್ಲಿ ಬುಲಿಮಿಯಾ: ಲಕ್ಷಣ, ಅಪಾಯ ಮತ್ತು ಚಿಕಿತ್ಸೆ

ಬುಲಿಮಿಯಾ ಊಟಕ್ಕೆ ಸಂಬಂಧಿಸಿದ ಮಾನಸಿಕ ಕಾಯಿಲೆ. ಲಂಡನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್ 1979ರಲ್ಲಿ ಇದನ್ನು ವಿವರವಾಗಿ ದಾಖಲಿಸಿದರು. ಇದರಲ್ಲಿ ಸ್ವಲ್ಪ ಹೊತ್ತಿನಲ್ಲೇ ಮಿತಿಮೀರಿ ತಿನ್ನುವುದು, ಬಳಿಕ ದಪ್ಪಗಾಗುವ ಭಯದಿಂದ ವಾಂತಿ ಮಾಡುವುದು, ಭೇದಿ ಮಾತ್ರೆ ನುಂಗುವುದು, ಊಟ ಬಿಡುವುದು ಇಲ್ಲವೇ ಅತಿಯಾಗಿ ವ್ಯಾಯಾಮ ಮಾಡುವುದು ಕಂಡುಬರುತ್ತದೆ. ಅನೊರೆಕ್ಸಿಯಾದಲ್ಲಿ ಮಕ್ಕಳು ಊಟವನ್ನೇ ಕಡಿಮೆ ಮಾಡಿ ತೀರಾ ಸೊರಗುತ್ತಾರೆ. ಬುಲಿಮಿಯಾದಲ್ಲಿ ತೂಕ ಸಾಮಾನ್ಯವಾಗಿಯೇ ಇರಬಹುದು. ಆದ್ದರಿಂದ ಮನೆಯವರಿಗೆ ಬೇಗ ತಿಳಿಯುವುದಿಲ್ಲ.

ಗುರುತಿಸುವುದು ಹೇಗೆ?

ಊಟವಾದ ಕೂಡಲೇ ಬಚ್ಚಲಿಗೆ ಹೋಗಿ ಬಹಳ ಹೊತ್ತು ಇರುವುದು, ಡಬ್ಬಿಯ ತಿಂಡಿ ಗುಟ್ಟಾಗಿ ಖಾಲಿಯಾಗುವುದು, ಕೆನ್ನೆಯ ಕೆಳಭಾಗ ಊದುವುದು, ಹಲ್ಲು ಸವೆಯುವುದು, ಬೆರಳ ಗೆಣ್ಣಿನ ಮೇಲೆ ಕಲೆ, ಮುಟ್ಟಿನ ಏರುಪೇರು ಮುಖ್ಯ ಲಕ್ಷಣಗಳು. ಗಂಡುಮಕ್ಕಳಿಗೂ ಈ ಕಾಯಿಲೆ ಬರುತ್ತದೆ. ಪದೇ ಪದೇ ವಾಂತಿಯಾದರೆ ರಕ್ತದಲ್ಲಿ ಪೊಟ್ಯಾಶಿಯಂ ಕುಸಿದು ಹೃದಯದ ಬಡಿತ ಏರುಪೇರಾಗಬಹುದು. ಇದು ಪ್ರಾಣಾಪಾಯ.

ವ್ರತ ಮತ್ತು ಕಾಯಿಲೆ

ಏಕಭುಕ್ತ, ಉಪವಾಸಗಳಿರುವ ಮನೆಗಳಲ್ಲಿ ಈ ಕಾಯಿಲೆ ವ್ರತದ ಮರೆಯಲ್ಲಿ ಅಡಗಿರಬಹುದು. ವ್ರತ ಮಾಡಿದವರು ಸಂತೋಷದಿಂದ ಪಾರಣೆ ಮಾಡುತ್ತಾರೆ. ಕಾಯಿಲೆಯಿದ್ದವರಿಗೆ ಪಾರಣೆಯೇ ಭಯ. ಅವರ ಮನಸ್ಸೆಲ್ಲ ತೂಕದ ಮೇಲೆ. ಪರ್ವ ಮುಗಿದರೂ ಊಟ ಬಿಡುವುದು ನಿಲ್ಲದಿದ್ದರೆ ಹಿರಿಯರು ಎಚ್ಚರಗೊಳ್ಳಬೇಕು. ಷೋಡಶಕಾರಣ ಭಾವನೆಗಳಲ್ಲಿ 'ಶಕ್ತಿತಸ್ತಪ'ವೂ ಒಂದು. ತಪಸ್ಸು ಶಕ್ತಿಗೆ ತಕ್ಕಂತೆ ಇರಬೇಕೆಂಬುದೇ ಅದರ ಅರ್ಥ. ಚಿಕಿತ್ಸೆ ಪಡೆಯುತ್ತಿರುವ ಮಕ್ಕಳು ಉಪವಾಸದ ಬದಲು ಪೂಜೆ, ಸ್ವಾಧ್ಯಾಯ, ದಾನದಲ್ಲಿ ತೊಡಗಬಹುದು.

ಚಿಕಿತ್ಸೆ

ಮೊದಲು ರಕ್ತಪರೀಕ್ಷೆ ಮತ್ತು ಇಸಿಜಿ ಮಾಡಿಸಬೇಕು. ಯೋಚನೆ ಹಾಗೂ ಅಭ್ಯಾಸಗಳನ್ನು ತಿದ್ದುವ ಸಿಬಿಟಿ ಎಂಬ ಆಪ್ತಸಮಾಲೋಚನೆಯೇ ಮುಖ್ಯ ಚಿಕಿತ್ಸೆ. ಸುಮಾರು 20 ಭೇಟಿಗಳು ಬೇಕಾಗುತ್ತವೆ. ಹರೆಯದವರಿಗೆ ತಂದೆತಾಯಿಯನ್ನೂ ಸೇರಿಸಿಕೊಂಡು ನಡೆಸುವ ಚಿಕಿತ್ಸೆ ಒಳ್ಳೆಯದು. ಅಗತ್ಯವಿದ್ದರೆ ವೈದ್ಯರು ಫ್ಲೂಆಕ್ಸೆಟಿನ್ ಮಾತ್ರೆ ಕೊಡುತ್ತಾರೆ. ಹೊತ್ತು ಹೊತ್ತಿಗೆ ಊಟ ಮಾಡುವುದು ಚಿಕಿತ್ಸೆಯ ಭಾಗ. ಸೂರ್ಯಾಸ್ತದ ನಂತರ ಉಣ್ಣದವರು ಅದನ್ನು ಮೊದಲೇ ತಿಳಿಸಿದರೆ ಹಗಲಿಗೆ ಹೊಂದುವಂತೆ ಊಟದ ವೇಳಾಪಟ್ಟಿ ಮಾಡಿಕೊಡುತ್ತಾರೆ. ವಾಂತಿಯಾದ ತಕ್ಷಣ ಹಲ್ಲುಜ್ಜಬಾರದು, ನೀರಿನಿಂದ ಬಾಯಿ ಮುಕ್ಕಳಿಸಬೇಕು.

ಮನೆಯವರು ಮಾಡಬೇಕಾದದ್ದು

ಗದರಿಸುವುದು, ಕಾವಲು ಕಾಯುವುದು, ಮೈಕಟ್ಟಿನ ಬಗ್ಗೆ ತಮಾಷೆ ಮಾಡುವುದು ಬೇಡ. 'ಮದುವೆಗೆ ಮುಂಚೆ ಸ್ವಲ್ಪ ಇಳಿಸಿಕೊ' ಎಂಬ ಮಾತೂ ಬೇಡ. ಏಕಾಂತದಲ್ಲಿ ಕೂರಿಸಿ ಪ್ರೀತಿಯಿಂದ ಕೇಳಬೇಕು. ನಾಲ್ಕು ಜನಕ್ಕೆ ತಿಳಿದೀತೆಂದು ಮುಚ್ಚಿಟ್ಟರೆ ಕಾಯಿಲೆ ಬಲಿಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಹಾಗೂ ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯರನ್ನು ಕಾಣಬಹುದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ತಲೆಸುತ್ತಿ ಬಿದ್ದರೆ, ಎದೆ ಹೊಡೆದುಕೊಂಡರೆ, ವಾಂತಿಯಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.