ಚಾಟ್‌ನಲ್ಲಿ ಟೈಪ್ ಮಾಡಿದರೆ ಗೇಮ್‌ನ ಪಾತ್ರ ಹೇಗೆ ಓಡಾಡುತ್ತದೆ?

ಬೇಸಿಗೆ ರಜೆ ಬಂತೆಂದರೆ ಬಾಗಲಕೋಟೆಯಾಗಲಿ, ಹುನಗುಂದವಾಗಲಿ, ಮನೆಯ ಮೊಬೈಲ್ ಮಕ್ಕಳ ಕೈಯಲ್ಲಿ. ಗೆಳೆಯ ಚಾಟ್‌ನಲ್ಲಿ ಒಂದು ಸಾಲು ಟೈಪ್ ಮಾಡುತ್ತಾನೆ, ಅವನ ಪಾತ್ರ ಕುಣಿಯುತ್ತದೆ. ಇದನ್ನು ಕಂಡ ಮಕ್ಕಳು, ಸರಿಯಾದ ಕೋಡ್ ಸಿಕ್ಕರೆ ಪುಕ್ಕಟೆ ಡೈಮಂಡ್ ಕೂಡ ಬರುತ್ತದೆ ಎಂದು ನಂಬುತ್ತಾರೆ. ಪಾತ್ರ ಕುಣಿಯುವುದು ನಿಜ, ಡೈಮಂಡ್ ಸುಳ್ಳು.

ಸಾಲಿನ ಮೊದಲು ಓರೆಗೆರೆ (/) ಇದ್ದರೆ ಎಷ್ಟೋ ಗೇಮ್‌ಗಳು ಅದನ್ನು ಮಾತು ಎಂದಲ್ಲ, ಆಜ್ಞೆ ಎಂದು ಓದುತ್ತವೆ. ಆ ಆಜ್ಞೆ ತನ್ನ ಪಟ್ಟಿಯಲ್ಲಿದೆಯೇ, ಕೊಟ್ಟವರಿಗೆ ಅನುಮತಿ ಇದೆಯೇ ಎಂದು ನೋಡಿದ ಮೇಲೆಯೇ ಕೆಲಸ. ಮೈನ್‌ಕ್ರಾಫ್ಟ್‌ನಲ್ಲಿ ನೀವು ಬಾದಾಮಿಯ ಅಗಸ್ತ್ಯ ತೀರ್ಥವನ್ನೂ ಮೇಲಿನ ಬಂಡೆಯನ್ನೂ ಕಟ್ಟಿದ್ದೀರಿ ಎನ್ನಿ. ದಂಡೆಯಿಂದ ಬಂಡೆಯ ಮೇಲಕ್ಕೆ ಹತ್ತಬೇಕಿಲ್ಲ. ‘ಟಿಪಿ’ ಆಜ್ಞೆಯ ಮುಂದೆ ಮೂರು ಅಂಕಿ ಕೊಟ್ಟರೆ ಸಾಕು: ಪೂರ್ವ-ಪಶ್ಚಿಮ, ಎತ್ತರ, ಉತ್ತರ-ದಕ್ಷಿಣ. ಪಾತ್ರ ಅಲ್ಲಿಗೇ ಹಾರುತ್ತದೆ. ಆದರೆ ಬೇರೆಯವರ ಸರ್ವರ್‌ನಲ್ಲಿ ಅದರ ಯಜಮಾನ ಅನುಮತಿ ಕೊಡದಿದ್ದರೆ ಎಷ್ಟು ಸಲ ಟೈಪ್ ಮಾಡಿದರೂ ಪಾತ್ರ ಕದಲದು.

ಇದರ ದೊಡ್ಡ ಪ್ರಯೋಗ ನಡೆದದ್ದು 2014ರ ಫೆಬ್ರುವರಿಯಲ್ಲಿ, ಟ್ವಿಚ್ ತಾಣದಲ್ಲಿ. ಪೋಕೆಮಾನ್ ರೆಡ್ ಗೇಮ್‌ನ ಒಂದೇ ಪಾತ್ರವನ್ನು ನೋಡುಗರೆಲ್ಲ ಚಾಟ್‌ನಿಂದಲೇ ನಡೆಸಿದರು. ‘ಮೇಲೆ’, ‘ಎಡಕ್ಕೆ’ ಎಂದು ಇಂಗ್ಲಿಷ್‌ನಲ್ಲಿ ಬರೆದರೆ ಒಂದು ಪ್ರೋಗ್ರಾಮ್ ಅದನ್ನು ಬಟನ್ ಒತ್ತಾಗಿ ಬದಲಿಸುತ್ತಿತ್ತು. ವಿಡಿಯೊ ತಡವಾಗಿ ತಲುಪುತ್ತಿದ್ದುದರಿಂದ ಪಾತ್ರ ಮೂಲೆಗಳಲ್ಲಿ ಗಂಟೆಗಟ್ಟಲೆ ಸುತ್ತಿದ್ದೂ ಉಂಟು. ಹದಿನಾರು ದಿನ ಹಿಡಿದು ಮಾರ್ಚ್ 1ಕ್ಕೆ ಆಟ ಮುಗಿಯಿತು. 11 ಲಕ್ಷಕ್ಕೂ ಹೆಚ್ಚು ಜನ ಟೈಪ್ ಮಾಡಿದ್ದರೂ ಆ ಗೇಮ್‌ನ ಬಟನ್‌ಗಳು ಮಾಡುವುದಕ್ಕಿಂತ ಹೆಚ್ಚಿನದನ್ನು ಯಾರಿಂದಲೂ ಮಾಡಿಸಲಾಗಲಿಲ್ಲ.

ಡೈಮಂಡ್, ರೋಬಕ್ಸ್‌ಗಳ ಲೆಕ್ಕ ಇರುವುದು ಕಂಪನಿಯ ಸರ್ವರ್‌ನಲ್ಲಿ, ನಿಮ್ಮ ಮೊಬೈಲ್‌ನಲ್ಲಲ್ಲ. ಕಂಪನಿಯೇ ಉಡುಗೊರೆ ಕೋಡ್ ಕೊಡುವುದುಂಟು, ಅವನ್ನು ಅದರದೇ ಪುಟದಲ್ಲಿ ಹಾಕಬೇಕು. ಅಪರಿಚಿತರು ಚಾಟ್‌ನಲ್ಲಿ ಕಳಿಸುವ ‘ಜನರೇಟರ್’ ಕೊಂಡಿಗಳು ಕೇಳುವುದು ಪಾಸ್‌ವರ್ಡ್, ಒಟಿಪಿ. ಇಳಕಲ್ಲಿನ ನೇಕಾರರ ಮನೆಯೇ ಇರಲಿ, ಮಗು ಆಡುವ ಮೊಬೈಲ್‌ನಲ್ಲೇ ಕೂಲಿ ಹಣ ಬರುವ ಯುಪಿಐ ಇದ್ದರೆ ಹೋಗುವುದು ಬರೀ ಗೇಮ್ ಖಾತೆಯಲ್ಲ. ಹಣ ಪಡೆಯಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ, ಪಿನ್ ಕೇಳಿದರೆಂದರೆ ಹಣ ಹೋಗುತ್ತದೆ ಎಂದೇ ಅರ್ಥ. ಹೋಗಿದ್ದರೆ ಮಗುವನ್ನು ಬೈಯುವುದು ಆಮೇಲೆ, ಮೊದಲು 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.