ಸ್ಯಾಂಡ್‌ವಿಚ್: ಹೆಸರು ಪ್ರಭುವಿನದು, ದುಡಿಮೆ ಯಾರದು?

ಸ್ಯಾಂಡ್‌ವಿಚ್ ಎಂಬ ತಿಂಡಿಗೆ ಆ ಹೆಸರು ಹೇಗೆ ಬಂತು? ರಸಪ್ರಶ್ನೆ ಸ್ಪರ್ಧೆಗೆ ಸಿದ್ಧರಾದ ವಿದ್ಯಾರ್ಥಿಗಳು ಥಟ್ಟನೆ ಉತ್ತರ ಹೇಳಿಬಿಡುತ್ತಾರೆ. ಇಂಗ್ಲೆಂಡಿನ ಸ್ಯಾಂಡ್‌ವಿಚ್ ಪ್ರಭುವಿಗೆ ಜೂಜಿನ ಮೇಜು ಬಿಟ್ಟು ಏಳಲು ಮನಸ್ಸಿರಲಿಲ್ಲ; ಎರಡು ಬ್ರೆಡ್ ಹೋಳುಗಳ ನಡುವೆ ಮಾಂಸ ಇರಿಸಿ ತರಿಸಿಕೊಂಡನಂತೆ. ಆದರೆ ಇತಿಹಾಸದ ವಿದ್ಯಾರ್ಥಿ ಇಷ್ಟಕ್ಕೇ ತೃಪ್ತನಾಗಬಾರದು. ಇದಕ್ಕೆ ಆಧಾರವೇನು? ಪ್ರಭುವಿನ ಮೇಜಿನ ತಿಂಡಿ ಬೀದಿಯ ಜನರ ಕೈಗೆ ಬಂದದ್ದು ಹೇಗೆ?

ಜಾನ್ ಮಾಂಟೆಗ್ಯು (1718–1792) ಸ್ಯಾಂಡ್‌ವಿಚ್‌ನ 4ನೆಯ ಅರ್ಲ್. ಬ್ರಿಟನ್ನಿನ ನೌಕಾಖಾತೆಯ ಮುಖ್ಯಸ್ಥನಾಗಿದ್ದವನು. ತಿಂಡಿಯ ಅರ್ಥದಲ್ಲಿ ಈ ಪದದ ಅತ್ಯಂತ ಹಳೆಯ ಲಿಖಿತ ಉಲ್ಲೇಖ ಇತಿಹಾಸಕಾರ ಎಡ್ವರ್ಡ್ ಗಿಬ್ಬನ್‌ನ ದಿನಚರಿಯಲ್ಲಿದೆ. ಅದರ ದಿನಾಂಕ 1762ರ ನವೆಂಬರ್ 24. ಗಿಬ್ಬನ್ ಪದವನ್ನು ವಿವರಿಸುವುದಿಲ್ಲ. ಆ ವೇಳೆಗಾಗಲೇ ಅದು ಬಳಕೆಯಲ್ಲಿತ್ತೆಂದು ಇದರಿಂದ ಊಹಿಸಬಹುದು. ಜೂಜಿನ ಕಥೆಯಾದರೋ 1765ರಲ್ಲಿ ಲಂಡನ್ನಿಗೆ ಬಂದಿದ್ದ ಗ್ರೋಸ್ಲೆ ಎಂಬ ಫ್ರೆಂಚ್ ಪ್ರವಾಸಿಯ ಬರಹದಿಂದ ಬಂದದ್ದು. ಅವನದು ಕೇಳಿದ ಮಾತು, ಕಂಡ ಸಂಗತಿಯಲ್ಲ. ಪ್ರಭುವಿನ ಜೀವನಚರಿತ್ರೆ ಬರೆದ ಎನ್.ಎ.ಎಂ. ರಾಡ್ಜರ್, ಕಚೇರಿಯ ಕೆಲಸದ ನಡುವೆ ಆತ ಹೀಗೆ ಉಂಡಿರುವ ಸಂಭವವೇ ಹೆಚ್ಚು ಎನ್ನುತ್ತಾರೆ.

ಹೆಸರು ಹೊಸದಾದರೂ ಒಳಗಿನ ಪದಾರ್ಥಗಳು ಬಹು ಪುರಾತನ. ಶೀತಕಯಂತ್ರಗಳಿಲ್ಲದ ಕಾಲದಲ್ಲಿ ಮಾಂಸ, ಹಾಲು ಕೆಡದಂತೆ ಕಾಪಾಡುವುದು ಯೂರೋಪಿನ ರೈತ ಕುಟುಂಬಗಳಿಗೆ ಅಳಿವು ಉಳಿವಿನ ಪ್ರಶ್ನೆ. ಹಂದಿಯ ತೊಡೆಯ ಮಾಂಸಕ್ಕೆ ಉಪ್ಪು ಹಿಡಿಸಿದರೆ ಅದರ ನೀರಿನಂಶ ಹೊರಬಂದು, ಕೊಳೆಸುವ ಸೂಕ್ಷ್ಮಜೀವಿಗಳ ಬೆಳವಣಿಗೆ ಕುಂಠಿತವಾಗುತ್ತದೆ. ಇದೇ ಹ್ಯಾಮ್. ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಕಿಣ್ವದಿಂದ ಹಾಲನ್ನು ಗಟ್ಟಿಯಾಗಿಸಿ, ನೀರು ಬಸಿದು, ಉಪ್ಪು ಸೇರಿಸಿ ಮಾಗಿಸಿದರೆ ಚೀಸ್. ಬ್ರೆಡ್ ಮತ್ತು ಚೀಸ್ ಹೊಲಗೆಲಸದವರ ಬುತ್ತಿಯಲ್ಲಿ ಪ್ರಭುವಿನ ಕಾಲಕ್ಕಿಂತ ಬಹಳ ಹಿಂದೆಯೇ ಇದ್ದವು.

ಇನ್ನು ಬೀದಿಯ ಕಡೆ ನೋಡೋಣ. 1851ರಲ್ಲಿ ಹೆನ್ರಿ ಮೇಹ್ಯೂ ಎಂಬ ಪತ್ರಕರ್ತ ಲಂಡನ್ನಿನ ಬಡ ದುಡಿಮೆಗಾರರನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥದಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ ಮಾರುವವರ ವಿವರ ಕೊಟ್ಟಿದ್ದಾನೆ. ಬಿಳಿ ಬಟ್ಟೆ ಹೊದಿಸಿದ ಬುಟ್ಟಿ ಹಿಡಿದು, ನಾಟಕಶಾಲೆಗಳ ಬಾಗಿಲಲ್ಲಿ ಅವರು ನಿಲ್ಲುತ್ತಿದ್ದರು. ಸುಮಾರು ಹನ್ನೊಂದು ವರ್ಷಗಳ ಹಿಂದೆ ಈ ವ್ಯಾಪಾರ ಆರಂಭಿಸಿದವನು, ಕಾಫಿ ಅಂಗಡಿ ಇಟ್ಟು ನಷ್ಟ ಅನುಭವಿಸಿದ ಒಬ್ಬ ಬಡವ. ಅವನ ಹೆಸರನ್ನು ಮೇಹ್ಯೂ ದಾಖಲಿಸಿಲ್ಲ.

ಸ್ಯಾಂಡ್‌ವಿಚ್ ಒಂದಕ್ಕೆ ಬೆಲೆ ಒಂದು ಪೆನ್ನಿ. ಹ್ಯಾಮ್ ಬೇಯಿಸುವ ಪಾತ್ರೆ, ಚಾಕು, ಸಾಸಿವೆಯ ಡಬ್ಬಿ, ಇದ್ದಿಲು, ಬ್ರೆಡ್, ಬುಟ್ಟಿ, ಮೇಲಂಗಿ, ಹೀಗೆ ಬಂಡವಾಳವೆಲ್ಲ ಸೇರಿ 12 ಷಿಲಿಂಗ್ 11 ಪೆನ್ಸ್. ಷಿಲಿಂಗ್‌ಗೆ 12 ಪೆನ್ನಿಯಂತೆ ಲೆಕ್ಕ ಹಾಕಿದರೆ ಇದು 155 ಸ್ಯಾಂಡ್‌ವಿಚ್‌ಗಳ ಬೆಲೆ! ಪೌಂಡ್ ತೂಕಕ್ಕೆ ಅರ್ಧ ಪೆನ್ನಿ ಅಗ್ಗವಾಗಿ ಹ್ಯಾಮ್ ಸಿಗುವುದೇ ಎಂದು ಎಂಟು ಮೈಲಿ ನಡೆಯುತ್ತಿದ್ದೆನೆಂದು ಮಾರಾಟಗಾರನೊಬ್ಬ ಹೇಳಿಕೊಂಡಿದ್ದಾನೆ. ಆದರೂ ಲಂಡನ್ನಿನ ಬೀದಿಗಳಲ್ಲಿ ವರ್ಷಕ್ಕೆ 4,36,800 ಸ್ಯಾಂಡ್‌ವಿಚ್‌ಗಳು ಮಾರಾಟವಾಗುತ್ತಿದ್ದವೆಂಬುದು ಮೇಹ್ಯೂನ ಅಂದಾಜು.

ತಯಾರಿಕೆ ಸರಳವೆಂದು ತೋರಿದರೂ ಅದಕ್ಕೊಂದು ಹದವಿದೆ. ಬ್ರೆಡ್ಡಿಗೆ ಬೆಣ್ಣೆ ಸವರುವುದು ರುಚಿಗಷ್ಟೇ ಅಲ್ಲ. ಬೆಣ್ಣೆಯ ಜಿಡ್ಡು ಒಳಗಿನ ತೇವ ಬ್ರೆಡ್ಡಿಗೆ ಇಳಿಯದಂತೆ ತಡೆಯುತ್ತದೆ. ಹ್ಯಾಮ್ ತೆಳುವಾಗಿರಬೇಕು, ಇಲ್ಲವಾದರೆ ಉಪ್ಪೇ ಮುಂದಾಗುತ್ತದೆ. ಸಾಸಿವೆಯ ಖಾರ ಕೊಬ್ಬಿನ ಭಾರವನ್ನು ಹಗುರಗೊಳಿಸುತ್ತದೆ. ಮಾಗಿದ ಚೀಸ್ ತುಸು ಹುಳಿಯನ್ನು ಕೂಡಿಸುತ್ತದೆ. ಹ್ಯಾಮ್, ಚೀಸ್ ಎರಡನ್ನೂ ಸೇರಿಸಿ ಬಿಸಿಮಾಡಿದ ‘ಕ್ರೋಕ್ ಮೊಸ್ಯೂ’ 20ನೆಯ ಶತಮಾನದ ಆರಂಭದಲ್ಲಿ ಪ್ಯಾರಿಸಿನ ಕೆಫೆಗಳಲ್ಲಿ ಜನಪ್ರಿಯವಾಯಿತು. 1919ರಲ್ಲಿ ಪ್ರಕಟವಾದ ಮಾರ್ಸೆಲ್ ಪ್ರೂಸ್ತ್‌ನ ಕಾದಂಬರಿಯಲ್ಲಿ ಅದರ ಪ್ರಸ್ತಾಪವಿದೆ.

ಪ್ರಭುವಿನ ಹೆಸರು ನಿಘಂಟುಗಳಲ್ಲಿ ಉಳಿದಿದೆ. ನಾಟಕಶಾಲೆಯ ಬಾಗಿಲಲ್ಲಿ ಮೊದಲು ಬುಟ್ಟಿ ಹಿಡಿದು ನಿಂತವನ ಹೆಸರು ನಮಗೆ ದೊರೆಯದು. ಆದರೆ ಒಬ್ಬ ಪತ್ರಕರ್ತ ಬೀದಿಗಿಳಿದು, ಕೇಳಿ, ಲೆಕ್ಕ ಬರೆದಿಟ್ಟದ್ದರಿಂದ ಆತನ ದುಡಿಮೆಯಾದರೂ ನಮಗೆ ತಿಳಿಯಿತು. ವಿದ್ಯಾರ್ಥಿ ಮಿತ್ರರೇ, ನಿಮ್ಮ ಊರಿನ ಬಸ್ ನಿಲ್ದಾಣದಲ್ಲಿ ತಿಂಡಿ ಮಾರುವವರ ಬಂಡವಾಳವೆಷ್ಟು, ನಡಿಗೆಯೆಷ್ಟು, ಉಳಿತಾಯವೆಷ್ಟು? ಒಂದು ನೋಟುಪುಸ್ತಕ ಹಿಡಿದು ಅವರನ್ನೇ ವಿಚಾರಿಸಿ ನೋಡಿ. ಮುಂದಿನ ಇತಿಹಾಸಕಾರರಿಗೆ ಅದೂ ಒಂದು ಆಧಾರವಾದೀತು.