ಕುಡಿ ಚಿವುಟುವ ಕೈ: ಹಾನಗಲ್ಲ ಸೀಮೆಯಲ್ಲಿ ಎಳೆ ಗಿಡದ ಸವರುವಿಕೆಯ ಚರಿತ್ರೆ

ಹಾನಗಲ್ಲ, ಶಿಗ್ಗಾಂವಿ ಕಡೆಯ ಆಡುಮಾತಿನಲ್ಲಿ ನಿನ್ನೆ ನೆಟ್ಟ ಕಸಿಯೂ ‘ಗಿಡ’, ಮುತ್ತಜ್ಜನ ಕಾಲದ ಮಾವೂ ‘ಗಿಡ’. ‘ಬೇವಿನ ಗಿಡದ ಬುಡಕ ಕುಂತೇವಿ’ ಎಂದವರು ಇಬ್ಬರು ತಬ್ಬಿದರೂ ಸಾಲದ ಬೊಡ್ಡೆಗೆ ಒರಗಿ ಕೂತಿರಬಹುದು. ಹಾಗಾಗಿ ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ’ ಎಂಬ ಗಾದೆ ಈ ಸೀಮೆಗೆ ಬಂದರೆ ಸ್ವಲ್ಪ ತಡವರಿಸುತ್ತದೆ. ಮಕ್ಕಳನ್ನು ಬೈಯುವುದಕ್ಕೇ ಮೀಸಲಾಗಿಬಿಟ್ಟ ಆ ಗಾದೆಯನ್ನು ತೋಟದ ಮಾತಾಗಿ ಓದಿದರೆ ಅದರ ಕ್ರಿಯಾಪದ ಕಣ್ಣಿಗೆ ಬೀಳುತ್ತದೆ. ಅಲ್ಲಿರುವುದು ಬಗ್ಗಿಸುವ ಮಾತು, ಕತ್ತರಿಸುವ ಮಾತಲ್ಲ. ಎಳೆಯದಕ್ಕೆ ರೂಪ ಕೊಡುವುದೆಂದರೆ ಕಟ್ಟುವುದು, ಬಾಗಿಸುವುದು, ಆಸರೆಗೆ ಹಚ್ಚುವುದು ಎಂಬ ತಿಳಿವಳಿಕೆ ಅದರಲ್ಲಿದೆ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ತೋಟಗಾರಿಕೆಯ ಚರಿತ್ರೆಯನ್ನು ಈ ವ್ಯತ್ಯಾಸದ ಮೂಲಕ ನೋಡಬಹುದೆಂಬುದು ನನ್ನ ವಾದ. ಎಳೆಯದನ್ನು ತಿದ್ದಿ ಬೆಳೆಸುವ ಕೌಶಲ ಇಲ್ಲಿ ಹೊಸದಲ್ಲ. ಆದರೆ ಅದು ಬಹುಕಾಲ ಎಲೆಬಳ್ಳಿಯ ತೋಟದಲ್ಲೇ ನೆಲೆಸಿತ್ತು. ಮಾವಿನ ತೋಪಿಗೆ ಬಂದ ಕತ್ತಿ ರೋಗ ಕಳೆಯಲು ಬಂದದ್ದು, ಆಕಾರ ಕೊಡಲು ಅಲ್ಲ. ಇವೆರಡೂ ಒಂದೇ ಗಿಡದ ಮೇಲೆ ಕೂಡಿದ್ದು ಇತ್ತೀಚೆಗೆ.

ಶಾಸ್ತ್ರದ ಕತ್ತಿ

941ರ ವಿಕ್ರಮಾರ್ಜುನ ವಿಜಯದಲ್ಲಿ ಪಂಪ ಬನವಾಸಿಯನ್ನು ನೆನೆಯುವಾಗ ಮಾಮರವೂ ಎಲೆವಳ್ಳಿಯೂ ಒಂದೇ ಉಸಿರಿನಲ್ಲಿ ಬರುತ್ತವೆ. ಬನವಾಸಿಗೆ ನೆರೆಯ ಪಾನುಂಗಲ್ಲೇ ಇಂದಿನ ಹಾನಗಲ್ಲು, ‘ಪಾನುಂಗಲ್ 500’ ಎಂಬ ನಾಡಿನ ಕೇಂದ್ರ. ಕಲ್ಯಾಣ ಚಾಲುಕ್ಯರ ಅಧೀನದಲ್ಲಿ ಕದಂಬರ ಒಂದು ಶಾಖೆ ಇಲ್ಲಿಂದ ಆಳಿತು. ಈ ಕಾಲದ ದಾನಶಾಸನಗಳಲ್ಲಿ ತೋಂಟ, ಪೂದೋಂಟಗಳು ಬೇಸಾಯದ ನೆಲದಿಂದ ಬೇರೆಯಾಗಿಯೇ ಎಣಿಕೆಯಾಗುತ್ತವೆ. ಗದ್ದೆ, ಬೆದ್ದಲುಗಳಿಗೆ ಮತ್ತರು, ತೋಟಕ್ಕೆ ಅದಕ್ಕಿಂತ ಚಿಕ್ಕ ಅಳತೆಯಾದ ಕಮ್ಮ. ಅಷ್ಟು ಸಣ್ಣ ಅಳತೆ ಬೇಕಾಯಿತೆಂದರೆ ಅಷ್ಟು ನೆಲದಲ್ಲೇ ಹೆಚ್ಚು ಕೈಕೆಲಸ, ಹೆಚ್ಚು ಉತ್ಪತ್ತಿ ಇತ್ತೆಂದೇ ಅರ್ಥ.

ಅದೇ ಚಾಲುಕ್ಯ ರಾಜ್ಯದಲ್ಲಿ, ಇಮ್ಮಡಿ ಜಯಸಿಂಹನ ಆಶ್ರಯದಲ್ಲಿ, ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ‘ಲೋಕೋಪಕಾರ’ ಬರೆದ. ಜ್ಯೋತಿಷ, ವಾಸ್ತು, ಅಂತರ್ಜಲ, ಸುಗಂಧ, ಅಡುಗೆ, ವೈದ್ಯ ಎಲ್ಲವೂ ಇರುವ ಈ ಕನ್ನಡ ಕೃತಿಯಲ್ಲಿ ವೃಕ್ಷಾಯುರ್ವೇದಕ್ಕೂ ಒಂದು ಅಧ್ಯಾಯವಿದೆ. ಅದರ ಹಿಂದಿರುವುದು 6ನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯ ಪರಂಪರೆ. ಎಳೆ ಗಿಡದ ವಿಷಯದಲ್ಲಿ ಆ ಪರಂಪರೆಯ ಕಣ್ಣು ಬಹಳ ಚುರುಕು. ಕಿತ್ತು ನೆಡುವ ಸಸಿಗಳನ್ನು ವರಾಹಮಿಹಿರ ಮೂರು ಬಗೆ ಮಾಡುತ್ತಾನೆ: ಕೊಂಬೆ ಒಡೆಯದವು, ಕೊಂಬೆ ಒಡೆದವು, ಬೊಡ್ಡೆ ಬಲಿತವು. ಮೊದಲನೆಯವಕ್ಕೆ ಶಿಶಿರ, ಎರಡನೆಯವಕ್ಕೆ ಹೇಮಂತ, ಮೂರನೆಯವಕ್ಕೆ ಮಳೆಗಾಲದ ಆರಂಭ. ಗಿಡದ ವಯಸ್ಸನ್ನು ವರ್ಷದಿಂದ ಲೆಕ್ಕಹಾಕದೆ ಕೊಂಬೆಯಿಂದ ಲೆಕ್ಕಹಾಕಿದ ಈ ವಿಂಗಡಣೆ ಇಂದಿನ ನರ್ಸರಿಯವರೂ ಒಪ್ಪುವಂಥದ್ದು.

ವರಾಹಮಿಹಿರನ ವೃಕ್ಷಾಯುರ್ವೇದದ ಅಧ್ಯಾಯದಲ್ಲಿ ಕತ್ತಿಯ ಮಾತು ಬರುವುದು ಚಿಕಿತ್ಸೆಯ ಭಾಗದಲ್ಲಿ. ರೋಗ ತಗುಲಿದ ಭಾಗವನ್ನು ಮೊದಲು ಶಸ್ತ್ರದಿಂದ ಶುದ್ಧಮಾಡು, ವಾಯುವಿಳಂಗ, ತುಪ್ಪ, ಕೆಸರು ಕಲಸಿ ಬಳಿ, ಹಾಲು ಬೆರೆಸಿದ ನೀರು ಹಾಕು ಎಂಬುದು ವಿಧಿ. ಇದು ಶಸ್ತ್ರವೈದ್ಯನ ಭಾಷೆ. ಗಿಡ ಇಲ್ಲಿ ರೋಗಿ, ತೋಟಿಗ ವೈದ್ಯ. ಆರೋಗ್ಯವಂತ ಎಳೆ ಗಿಡವನ್ನು, ಮುಂದೆ ಹೀಗೆ ಬೆಳೆಯಲೆಂದು, ಇಂದೇ ಕತ್ತರಿಸುವ ಯೋಚನೆ ಆ ಅಧ್ಯಾಯದಲ್ಲಿಲ್ಲ.

ಏಕಿಲ್ಲ ಎಂಬುದಕ್ಕೆ ಉತ್ತರ ಅದೇ ಅಧ್ಯಾಯದಲ್ಲಿದೆ. ಗಿಡದಿಂದ ಗಿಡಕ್ಕೆ 20 ಮೊಳ ಉತ್ತಮ, 16 ಮಧ್ಯಮ, 12 ಕನಿಷ್ಠ. ಒಂದಕ್ಕೊಂದು ತಾಗಿ, ಬೇರು ಹೆಣೆದುಕೊಂಡವು ನೊಂದು ಸರಿಯಾಗಿ ಫಲ ಕೊಡುವುದಿಲ್ಲ ಎಂಬ ಕಾರಣವನ್ನೂ ಅಲ್ಲೇ ಹೇಳಿದೆ. ಮೊಳವನ್ನು ಒಂದೂವರೆ ಅಡಿ ಎಂದು ಹಿಡಿದರೆ 20 ಮೊಳವೆಂದರೆ 30 ಅಡಿ, ಹೆಚ್ಚುಕಡಿಮೆ 9 ಮೀಟರ್. ಮಾವಿಗೆ ಇಲಾಖೆಯವರು ದಶಕಗಳ ಕಾಲ ಹೇಳಿಕೊಂಡು ಬಂದ 10 ಮೀಟರಿಗೆ ಅದು ಬಹಳ ದೂರವೇನಲ್ಲ. ಅಷ್ಟು ಬಯಲು ಬಿಟ್ಟು ನೆಟ್ಟ ಮೇಲೆ ಗಿಡವನ್ನು ಗಿಡದ ಪಾಡಿಗೆ ಬಿಡಬಹುದು. ಸಾವಿರ ವರ್ಷ ಮಾವಿನ ತೋಪಿನ ಕತ್ತರಿಯ ಕೆಲಸವನ್ನು ಅಂತರವೇ ಮಾಡಿತು.

ಕಾಕತಾಳೀಯವೆನ್ನಿ, ಜಪಾನಿನ ತೋಟ ನಿರ್ಮಾಣದ ಪ್ರಾಚೀನ ಕೈಪಿಡಿ ‘ಸಕುತೈಕಿ’ಯೂ ಇದೇ 11ನೆಯ ಶತಮಾನದ್ದು. ಇಂದು ಜಪಾನಿ ಮೇಪಲ್ ಎಂದರೆ ಕತ್ತರಿ ಹಿಡಿದ ತೋಟಿಗನೇ ನೆನಪಿಗೆ ಬರುತ್ತಾನೆ. ಎಳೆ ಮೇಪಲ್ಲಿನ ಒಳಗೊಂಬೆಗಳನ್ನು ತೆಳುಮಾಡಿ ಬೆಳಕು ಹಾಯಿಸುವ ‘ಸುಕಾಶಿ’ಯನ್ನು ಅಲ್ಲಿ ಒಂದು ಕಲೆಯಾಗಿ ಕಲಿಸುತ್ತಾರೆ. ಆದರೆ ಸಕುತೈಕಿಯ ಗಮನವೆಲ್ಲ ಹೆಚ್ಚಾಗಿ ಕಲ್ಲು ನಿಲ್ಲಿಸುವುದರ ಮೇಲೆ, ನೀರು ಹರಿಸುವುದರ ಮೇಲೆ. ಫ್ರಾನ್ಸಿನಲ್ಲಿ ವರ್ಸೇಲ್ಸಿನ ಅರಮನೆ ತೋಟದ ಲಾ ಕ್ವಾಂತಿನಿ ಹಣ್ಣಿನ ಗಿಡ ಸವರುವುದನ್ನು ವಿಸ್ತಾರವಾಗಿ ಬರೆದ ಗ್ರಂಥ ಅಚ್ಚಾದದ್ದು 1690ರಲ್ಲಿ, ಅದೂ ಗೋಡೆಗೆ ಒತ್ತಿ ಬೆಳೆಸುವಷ್ಟು ಇಕ್ಕಟ್ಟಾದ ತೋಟಗಳಿಗಾಗಿ. ನಮ್ಮವರು ಹಿಂದುಳಿದರೆಂದು ಕೊರಗಬೇಕಾಗಿಲ್ಲ, ನಮ್ಮಲ್ಲಿ ಎಲ್ಲವೂ ಇತ್ತೆಂದು ಬೀಗಬೇಕಾಗಿಯೂ ಇಲ್ಲ. ನೆಲ ಇಕ್ಕಟ್ಟಾದಲ್ಲಿ ಕತ್ತರಿ ಮೊದಲು ಬಂತು.

ಎಲೆ ತೋಟದ ಕೈ

ನಮ್ಮಲ್ಲಿ ಇಕ್ಕಟ್ಟಿದ್ದದ್ದು ಎಲೆ ತೋಟದಲ್ಲಿ. ಸವಣೂರಿನ ಎಲೆಗೆ ದೊಡ್ಡ ಹೆಸರು. 1948ರವರೆಗೆ ನವಾಬರ ಸಣ್ಣ ಸಂಸ್ಥಾನವಾಗಿದ್ದ ಊರಿಗೆ ಅರಮನೆಯಷ್ಟೇ ಈ ಎಲೆಯಿಂದಲೂ ಗುರುತು. ಸುತ್ತಲಿನ ಸೀಮೆ ಆಗ ಬ್ರಿಟಿಷರ ಧಾರವಾಡ ಜಿಲ್ಲೆ. 1884ರ ಮುಂಬಯಿ ಗೆಜೆಟಿಯರಿನ ಧಾರವಾಡ ಸಂಪುಟದಲ್ಲಿ ಶಿಗ್ಗಾಂವಿ ‘ಬಂಕಾಪುರ’ ತಾಲ್ಲೂಕಿನ, ಹಿರೇಕೆರೂರು ‘ಕೋಡ’ ತಾಲ್ಲೂಕಿನ ಕಚೇರಿ ಊರುಗಳು. ಹಾನಗಲ್ಲ ಮತ್ತು ಕೋಡಗಳಲ್ಲಿ ಮಲೆನಾಡ ಸೆರಗಿನ ಮಳೆ, ಊರೂರಿಗೆ ಕೆರೆ. ಕೆರೆ ಹಿಂದಿನ ತೇವದಲ್ಲಿ ಅಡಿಕೆ, ಬಾಳೆ, ಎಲೆಬಳ್ಳಿ ಕೂಡಿಯೇ ಬೆಳೆದವು.

ಎಲೆ ತೋಟದಲ್ಲಿ ಬಳ್ಳಿಗಿಂತ ಮೊದಲು ಆಸರೆ ಗಿಡ ಬೆಳೆಯಬೇಕು. ಚೊಗಚೆ, ನುಗ್ಗೆ, ಹಾಲಿವಾಣ ಇವೇ ಆಸರೆ. ಬೀಜ ಒತ್ತಾಗಿ ಬಿತ್ತಿ ಎದ್ದ ಚೊಗಚೆಯ ಸಸಿಗಳಲ್ಲಿ ನೆಟ್ಟಗಿನವನ್ನು ಉಳಿಸಿ ಉಳಿದವನ್ನು ಕೀಳುತ್ತಾರೆ. ಉಳಿದವುಗಳ ಪಕ್ಕದ ಟೊಂಗೆಗಳನ್ನು ಎಳೆಯದರಲ್ಲೇ ಸವರಿ ಒಂಟಿ ಕಾಂಡ ಮಾಡುತ್ತಾರೆ. ಆಳೆತ್ತರದ ಎರಡರಷ್ಟು ಏರಿದ ಮೇಲೆ ತಲೆ ಮುರಿಯುತ್ತಾರೆ. ಅಲ್ಲಿಂದ ಮುಂದೆ ಆ ಗಿಡ ಜೀವಂತ ಕಂಬವೂ ಹೌದು, ಕೊಡೆಯೂ ಹೌದು. ಬೇಸಿಗೆಯಲ್ಲಿ ಕೊಡೆ ಬಿಚ್ಚಿರಬೇಕು, ಮಳೆಗಾಲದ ಮೋಡದಲ್ಲಿ ಮುಚ್ಚಿರಬೇಕು. ಅದಕ್ಕೇ ಮಳೆ ಹಿಡಿಯುವ ಮುಂಚೆ ಟೊಂಗೆ ಇಳಿಸುವುದು, ಬಿಸಿಲೇರುವ ಹೊತ್ತಿಗೆ ಚಿಗುರು ಬಿಡುವುದು. ನೆರಳು ಹೆಚ್ಚಾದರೆ ಬಳ್ಳಿ ಸಪೂರವಾಗಿ ಉದ್ದಕ್ಕೆ ಓಡುತ್ತದೆ, ಬಿಸಿಲು ಹೆಚ್ಚಾದರೆ ಎಲೆ ಗಡಸಾಗುತ್ತದೆ. ಎಲೆಯ ಮೃದುತನವನ್ನು ಮಾರುವವರು ನಿಜವಾಗಿ ಮಾರುವುದು ಚೊಗಚೆ ಸವರಿದ ಲೆಕ್ಕವನ್ನು.

ಇನ್ನು ಬಳ್ಳಿ. ಎರಡು ಮೂರು ವಾರಕ್ಕೊಮ್ಮೆ ಗೇಣುಗೇಣಿಗೆ ಬಾಳೆಯ ನಾರಿನಿಂದ ಸಡಿಲವಾಗಿ ಕಾಂಡಕ್ಕೆ ಕಟ್ಟಬೇಕು. ಗೆಣ್ಣಿನ ಬೇರು ತೊಗಟೆಗೆ ಹತ್ತಿದರೆ ಬಳ್ಳಿ ಏರುತ್ತದೆ, ಇಲ್ಲವಾದರೆ ಜೋಲುತ್ತದೆ. ಕೈಗೆ ಎಟುಕದಷ್ಟು ಏರಿದ ಮೇಲೆ, ವರ್ಷಕ್ಕೊಮ್ಮೆ, ಬಳ್ಳಿ ಇಳಿಸುವ ಕೆಲಸ. ಆಸರೆಯಿಂದ ಬಿಡಿಸಿ, ಬರಿಗೆಣ್ಣಿನ ಕೆಳಭಾಗವನ್ನು ಬುಡದಲ್ಲಿ ಸುರುಳಿ ಸುತ್ತಿ ಮಣ್ಣು ಮುಚ್ಚಿ, ತುದಿಯನ್ನು ಮಾತ್ರ ಮತ್ತೆ ಕಟ್ಟುತ್ತಾರೆ. ಹೂತ ಗೆಣ್ಣುಗಳು ಹೊಸ ಬೇರು ಒಡೆದು, ಹಳೆಯ ಬಳ್ಳಿ ಎಳೆಯದಾಗುತ್ತದೆ. ಮುದಿಯನ್ನು ಕಡಿದೊಗೆಯದೆ ಹೂತು ಎಳೆತನ ಮರಳಿಸುವ ಈ ಉಪಾಯ, ನನ್ನ ಎಣಿಕೆಯಲ್ಲಿ, ಈ ಸೀಮೆಯ ತೋಟಗಾರಿಕೆಯ ಅತಿ ಸೂಕ್ಷ್ಮವಾದ ಕೆಲಸ. ಇಲ್ಲಿ ಕತ್ತಿಗಿಂತ ಬೆರಳು ಮುಖ್ಯ. ಗಾದೆಯ ‘ಬಗ್ಗುವುದು’ ಹುಟ್ಟಿದ್ದು ಇಂಥ ತೋಟದಲ್ಲೇ ಇರಬೇಕೆಂದು ನನಗನಿಸುತ್ತದೆ.

ಕಸಿ ತಂದ ಬದಲಾವಣೆ

ರೋಗದ ಮಾತು ಬಿಟ್ಟರೆ, ಬೀಜದ ಮಾವು ಬೆಳೆಸುವವನಿಗೆ ಸವರುವ ಅಗತ್ಯ ಒಂದೇ ಇತ್ತು. ಎತ್ತು, ರಂಟೆ ಅಡಿಯಲ್ಲಿ ಹಾಯಬೇಕು, ದನ ಬಾಯಿ ಹಾಕಬಾರದು. ಆದ್ದರಿಂದ ಕೆಳಟೊಂಗೆ ತೆಗೆದು ಬೊಡ್ಡೆ ಎತ್ತರಿಸುತ್ತಿದ್ದರು. ಹಣ್ಣು ಇಳಿಸಲು ಗಿಡ ಹತ್ತುವವರು ಊರಲ್ಲಿದ್ದ ಕಾಲ ಅದು.

ಕಸಿ ಈ ಲೆಕ್ಕ ಕೆಡಿಸಿತು. ಕಸಿ ಕಟ್ಟುವುದು ವರಾಹಮಿಹಿರನಿಗೂ ಗೊತ್ತಿತ್ತು. ಆದರೆ ಮಾವಿನಲ್ಲಿ ಅದು ವ್ಯಾಪಕವಾದದ್ದು 16ನೆಯ ಶತಮಾನದ ಗೋವೆಯಲ್ಲಿ, ಪೋರ್ಚುಗೀಸ್ ಪಾದ್ರಿಗಳ ಕೈಯಲ್ಲಿ. ಅಫೊನ್ಸೊ ಡಿ ಅಲ್ಬುಕರ್ಕ್‌ನ ಹೆಸರು ಹೊತ್ತ ತಳಿ ಘಟ್ಟ ಹತ್ತಿ ಬರುವಷ್ಟರಲ್ಲಿ ‘ಆಪೂಸ್’ ಆಗಿತ್ತು. ಧಾರವಾಡ ಸೀಮೆಯ ಹವೆ ಅದಕ್ಕೆ ಒಗ್ಗಿತು, ಹಾನಗಲ್ಲ ತಾಲ್ಲೂಕು ಕ್ರಮೇಣ ಆಪೂಸಿನ ಊರಾಯಿತು.

ಕಸಿ ಗಿಡ ಎರಡು ಜೀವದ ಗಿಡ. ಕಸಿ ಗಂಟಿನ ಕೆಳಗೆ ಒಡೆದ ಚಿಗುರನ್ನು ತೆಗೆಯದಿದ್ದರೆ ಬೇರಿನ ಕಾಡುಮಾವೇ ಮೇಲಿನ ಆಪೂಸನ್ನು ನುಂಗುತ್ತದೆ. ಅಂದರೆ ಮಾವಿನ ಎಳೆ ಗಿಡದ ಮೇಲೆ ಕೈಯಾಡಿಸುವುದು ಮೊದಲ ಬಾರಿಗೆ ಕಡ್ಡಾಯವಾಯಿತು. ಕಸಿ ಬೇಗ ಹೂ ಬಿಡುತ್ತದೆ. ಗಿಡ ಬಲಿಯುವ ಮೊದಲೇ ಕಾಯಿ ಹೊರದಂತೆ ಮೊದಲೆರಡು ಮೂರು ವರ್ಷದ ಹೂವನ್ನೂ ಚಿವುಟಬೇಕಾಯಿತು. ಹೂವನ್ನು ಕೈಯಾರೆ ಕಿತ್ತೆಸೆಯಲು ಹಿರಿಯರಿಗೆ ಮನಸ್ಸೊಗ್ಗದಿದ್ದುದು ಸಹಜ.

ನೆಲದ ಪ್ರಶ್ನೆಯೂ ಇತ್ತು. ಹತ್ತು ವರ್ಷ ಮುಂದಿನ ಫಲಕ್ಕಾಗಿ ಇಂದು ಟೊಂಗೆ ತಿದ್ದುವವನಿಗೆ ಹತ್ತು ವರ್ಷದ ನಂತರವೂ ಆ ಹೊಲದಲ್ಲಿರುವ ಭರವಸೆ ಬೇಕು. ಗೇಣಿದಾರನಿಗೆ ಅದಿರಲಿಲ್ಲ. ಗೇಣಿದಾರನಿಗೆ ನೆಲದ ಒಡೆತನ ಕೊಟ್ಟ 1974ರ ಭೂಸುಧಾರಣಾ ತಿದ್ದುಪಡಿಯನ್ನು ನಾವು ರಾಜಕೀಯ ಚರಿತ್ರೆಯಲ್ಲಷ್ಟೇ ಓದುತ್ತೇವೆ. ಅದನ್ನು ತೋಟದ ಚರಿತ್ರೆಯಲ್ಲೂ ಓದಬೇಕು.

ಬಳಿಕ ಬಂದದ್ದು ಒತ್ತು ನೆಡುವಿಕೆ. ದೆಹಲಿಯಲ್ಲಿ ದಶಹರಿ, ನೀಲಂ ತಳಿಗಳನ್ನು ಕೂಡಿಸಿ ಹುಟ್ಟಿಸಿದ ಗಿಡ್ಡ ತಳಿ ಆಮ್ರಪಾಲಿ 1970ರ ದಶಕದಲ್ಲಿ ಹೊರಬಂದು, ಮಾವೆಂದರೆ ದೊಡ್ಡದೇ ಆಗಬೇಕೆಂಬ ನಂಬಿಕೆಯನ್ನು ಅಲುಗಿಸಿತು. 2005-06ರಲ್ಲಿ ರಾಷ್ಟ್ರೀಯ ತೋಟಗಾರಿಕೆ ಮಿಷನ್ ಆರಂಭವಾಗಿ ಸಹಾಯಧನ, ಹನಿ ನೀರಾವರಿ ಹೊಲಕ್ಕೆ ಬಂದವು. 10 ಮೀಟರ್ ಅಂತರದಲ್ಲಿ ಎಕರೆಗೆ 40 ಗಿಡ. 3 ಮತ್ತು 2 ಮೀಟರಿನ ಅತಿಸಾಂದ್ರ ಪದ್ಧತಿಯಲ್ಲಿ 674. ವರಾಹಮಿಹಿರನ ಕನಿಷ್ಠ 12 ಮೊಳವೂ ಮುರಿದುಬಿತ್ತು. ಅಂತರ ಮಾಡುತ್ತಿದ್ದ ಕೆಲಸವನ್ನು ಇನ್ನು ಕತ್ತರಿಯೇ ಮಾಡಬೇಕು.

ಈಗಿನ ಕ್ರಮ ಹೀಗಿದೆ. ಮಳೆಗಾಲದಲ್ಲಿ ನೆಟ್ಟ ಕಸಿ 60-70 ಸೆಂಟಿಮೀಟರ್ ಬಂದಾಗ ತುದಿಕುಡಿ ಚಿವುಟುವುದು. ಒಡೆದ ಚಿಗುರುಗಳಲ್ಲಿ ಬೇರೆಬೇರೆ ದಿಕ್ಕಿಗೆ, ಬೇರೆಬೇರೆ ಎತ್ತರದಲ್ಲಿ ಹೊರಟ ಮೂರು ನಾಲ್ಕನ್ನು ಉಳಿಸುವುದು. ಅವು ಅಷ್ಟೇ ಉದ್ದವಾದಾಗ ಮತ್ತೆ ಚಿವುಟುವುದು. ನಡುವೆ ಬೆಳಕು ಬೀಳಬೇಕು, ಇಲ್ಲದಿದ್ದರೆ ಜಿಗಿಹುಳಕ್ಕೆ ಮನೆ ಮಾಡಿಕೊಟ್ಟಂತೆ. ಕಾಯಿಗೆ ಬಂದ ಗಿಡಕ್ಕೆ ಮಾತ್ರ ಕಾಲವೇ ಪ್ರಾಣ. ಮೇಪಲ್ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುವ ಮರ, ಅದನ್ನು ಆಗ ಸವರಬಹುದು. ಮಾವು ಮಲಗುವುದಿಲ್ಲ, ತಾಮ್ರಗೆಂಪು ಚಿಗುರಿನ ಸರದಿಗಳಲ್ಲಿ ಬದುಕುತ್ತದೆ. ಹೂ ಬರುವುದು ಬಲಿತ ಟೊಂಗೆಯ ತುದಿಯಲ್ಲಿ. ಡಿಸೆಂಬರ್–ಜನವರಿಯ ಹೂವಿಗೆ ಚಿಗುರು ಬಲಿತಿರಬೇಕಾದರೆ ಕಾಯಿ ಇಳಿಸಿದ ತಿಂಗಳೊಳಗೇ ಸವರಿ ಮುಗಿಯಬೇಕು. ಹಾನಗಲ್ಲಿನಲ್ಲಿ ಆ ತಿಂಗಳೆಂದರೆ ಮುಂಗಾರು. ಸುರಿವ ಮಳೆಯಲ್ಲಿ ಹಸಿ ಗಾಯ! ವರ್ಷ ಬಿಟ್ಟು ವರ್ಷ ಕಾಯಿ ಬಿಡುವ ಆಪೂಸಿನ ಚಾಳಿಯ ಜೊತೆಗೆ ಇದೂ ಒಂದು ತಾಪತ್ರಯ.

ಗಾಯಕ್ಕೆ ಬಳಿಯುವುದು

ಕನ್ನಡದ ‘ಸವರು’ ಎಂಬ ಒಂದೇ ಮಾತು ಟೊಂಗೆ ಕಡಿಯುವುದನ್ನೂ ಹೇಳುತ್ತದೆ, ಲೇಪ ಬಳಿಯುವುದನ್ನೂ ಹೇಳುತ್ತದೆ. ತೋಟದಲ್ಲಿ ಎರಡೂ ಹಿಂದುಮುಂದಾಗಿಯೇ ನಡೆಯುತ್ತವೆ. ವಾಯುವಿಳಂಗ, ತುಪ್ಪಗಳ ಜಾಗಕ್ಕೆ ಸಗಣಿ, ಕೆಮ್ಮಣ್ಣು ಬಂದವು, ಆಮೇಲೆ ಬೋರ್ಡೊ. ಫ್ರಾನ್ಸಿನ ಮಿಲಾರ್ದೆ ದ್ರಾಕ್ಷಿಯ ರೋಗಕ್ಕಾಗಿ 1885ರಲ್ಲಿ ಪ್ರಕಟಿಸಿದ ಮೈಲುತುತ್ತ–ಸುಣ್ಣದ ಮಿಶ್ರಣವನ್ನು ಮೈಸೂರು ಸೀಮೆಯ ಅಡಿಕೆಯ ಕೊಳೆರೋಗಕ್ಕೆ ಹಚ್ಚಿಸಿದವರು ಲೆಸ್ಲಿ ಕೋಲ್ಮನ್. ಅದೇ ಮಿಶ್ರಣ ಮುಲಾಮಿನಂತೆ ಗಟ್ಟಿಯಾಗಿ ಮಾವಿನ ಗಾಯದ ಮೇಲೆ ಕೂತಿದೆ. ಗಾಯದ ಬಗ್ಗೆ ಬೇರೊಂದು ಮಾತೂ ಇದೆ. ಅಮೆರಿಕದ ಅಲೆಕ್ಸ್ ಶಿಗೊ 1970ರ ದಶಕದಲ್ಲಿ ಸಾವಿರಾರು ಮರಗಳನ್ನು ಸೀಳಿ ನೋಡಿ, ಮರ ಗಾಯ ಮಾಯಿಸಿಕೊಳ್ಳುವುದಿಲ್ಲ, ಸುತ್ತ ಗೋಡೆ ಕಟ್ಟಿಕೊಳ್ಳುತ್ತದೆ, ಲೇಪಕ್ಕಿಂತ ಟೊಂಗೆಯ ಬುಡದ ಉಬ್ಬು ಬಿಟ್ಟು ಕತ್ತರಿಸುವುದೇ ಮುಖ್ಯ ಎಂದರು. ಹಾನಗಲ್ಲಿನ ಮುಂಗಾರಿನಲ್ಲಿ ಮಾತ್ರ ಲೇಪ ಬಿಡಿ ಎನ್ನಲು ನನಗೆ ಧೈರ್ಯವಿಲ್ಲ.

ಈ ಸೀಮೆ ಕಂಡ ದೊಡ್ಡ ಸವರುವಿಕೆ ಬಹುಶಃ ಸವಣೂರಿನ ದೊಡ್ಡಹುಣಸೆ ಕಲ್ಮಠದಲ್ಲಿ ಆದದ್ದು. ಅಲ್ಲಿಯ ಆಫ್ರಿಕಾ ಮೂಲದ ಮೂರು ಭಾರೀ ದೊಡ್ಡಹುಣಸೆ ಮರಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಬೇರು ಸಮೇತ ಉರುಳಿತು. ಟೊಂಗೆಗಳನ್ನು ಕಡಿದು ಭಾರ ಇಳಿಸಿ ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು. ಊರಿನವರಿಗೆ ಅದೂ ಗಿಡವೇ.

ಇತ್ತ ಹಾನಗಲ್ಲ, ಹಿರೇಕೆರೂರಿನ ನೀರಾವರಿ ಹೊಲಗಳಿಗೆ ಅಡಿಕೆ ಹಬ್ಬುತ್ತಿದೆ. ಮಾವು ಕಡಿದು ಅಡಿಕೆ ಇಟ್ಟವರೂ ಇದ್ದಾರೆ. ಅಡಿಕೆಗೆ ಇರುವುದು ಒಂದೇ ಕುಡಿ, ಅದನ್ನು ಚಿವುಟಿದರೆ ಮರವೇ ಹೋಯಿತು. ಚಿವುಟುವ ಕೈಗೆ ಅಲ್ಲಿ ಕೆಲಸವಿಲ್ಲ. ಆದರೆ ಅಡಿಕೆಯ ಕಾಂಡ ಗಟ್ಟಿಯಾಗುತ್ತಲೇ ಅದರ ಬುಡದಲ್ಲಿ ಮೆಣಸಿನ ಬಳ್ಳಿಯೋ ಎಲೆಬಳ್ಳಿಯೋ ಕಾಣಿಸಿಕೊಳ್ಳುತ್ತದೆ, ಬಾಳೆಯ ನಾರು ಹಿಡಿದವರು ಗೇಣುಗೇಣಿಗೆ ಕಟ್ಟಲು ಬಗ್ಗುತ್ತಾರೆ.